ಮಗಳಿಗೆ ಫ್ಲಾಟ್ ಫೂಟ್ ಅಂತೆ, ಅಂಗಡಿಯವರು ಇನ್‌ಸೋಲ್ ಹಾಕಿಸಿ ಅಂತಿದ್ದಾರೆ. ಹಾಕಿಸಬೇಕಾ?

ದಾವಣಗೆರೆ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಯುಕೆಜಿ, ಐದೂವರೆ ವರ್ಷ. ಸ್ಕೂಲ್ ಶೂ ತರೋಕೆ ಹೋದಾಗ ಅಂಗಡಿಯವರು ಅವಳನ್ನು ಒಂದು ಗಾಜಿನ ಪೆಟ್ಟಿಗೆ ಮೇಲೆ ನಿಲ್ಲಿಸಿ ಪಾದ ಸ್ಕ್ಯಾನ್ ಮಾಡಿದರು. ಪರದೆ ಮೇಲೆ ಪಾದ ಪೂರ್ತಿ ಕೆಂಪು. "ಅಂಗಾಲಲ್ಲಿ ಕಮಾನೇ ಇಲ್ಲ ಸರ್. ಈಗ ಬಿಟ್ರೆ ಮುಂದೆ ಮಂಡಿ, ಸೊಂಟ, ಬೆನ್ನು ಎಲ್ಲಾ ಕೆಡುತ್ತೆ" ಅಂದರು. ಇನ್‌ಸೋಲ್ (ಶೂ ಒಳಗೆ ಹಾಕುವ ಮೆತ್ತೆ) ಜೋಡಿಗೆ 4,500 ರೂಪಾಯಿ. ಕಾಲು ಬೆಳೆದ ಹಾಗೆ ಬದಲಾಯಿಸುತ್ತಾ ಇರಬೇಕಂತೆ.

ಅವಳಿಗೆ ನೋವೇನೂ ಇಲ್ಲ. ಓಡುತ್ತಾಳೆ, ಕುಣಿಯುತ್ತಾಳೆ, ಮಂಚದಿಂದ ಹಾರುತ್ತಾಳೆ. ಆದರೆ ಹಿಂದಿನಿಂದ ನೋಡಿದರೆ ಹಿಮ್ಮಡಿ ಎರಡೂ ಹೊರಗೆ ವಾಲಿದ ಹಾಗೆ ಕಾಣುತ್ತದೆ. ಚಪ್ಪಲಿ ಒಳಗಿನ ಅಂಚಿನಲ್ಲಿ ಜಾಸ್ತಿ ಸವೆಯುತ್ತದೆ. ಹೆಂಡತಿ ಹಾಕಿಸಿಬಿಡೋಣ ಅಂತಾಳೆ. ನಮ್ಮಮ್ಮ "ನಿನ್ನ ಕಾಲೂ ಹಾಗೇ ಇತ್ತು, ಸುಮ್ನಿರೋ" ಅಂತಾರೆ. ಗೊತ್ತಿರುವವರು ಹೇಳಿ.

ಕಾಫಿ_ಕುಡುಕ

ಅಮ್ಮನ ಮಾತು ಕೇಳಿ. 4,500 ಉಳಿಯಿತು.

ನ್ಯೂಜೆರ್ಸಿ_ನಾಣಿ

ತಮಾಷೆ ಬೇಡ ಸ್ವಾಮಿ. ನನಗೆ ಚಿಕ್ಕಂದಿನಿಂದ ಚಪ್ಪಟೆ ಪಾದ. ನಲವತ್ತು ದಾಟಿದ ಮೇಲೆ ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಇಲ್ಲಿನ ಡಾಕ್ಟರ್ ಇನ್‌ಸೋಲ್ ಕೊಟ್ಟ ಮೇಲೆ ಎಷ್ಟೋ ವಾಸಿ. ಚಿಕ್ಕ ವಯಸ್ಸಲ್ಲೇ ಹಾಕಿಸಿದ್ದರೆ ಇದೆಲ್ಲ ಬರುತ್ತಿರಲಿಲ್ಲ. ಮಗುವಿನ ವಿಷಯದಲ್ಲಿ ದುಡ್ಡಿನ ಲೆಕ್ಕ ಹಾಕಬೇಡಿ.

ಫಿಸಿಯೋ_ಅಕ್ಕ

ನಾಣಿ ಸರ್, ನಿಮ್ಮ ಕಾಲಿನ ಕಥೆ ಬೇರೆ, ಆ ಮಗುವಿನದು ಬೇರೆ. ದೊಡ್ಡವರಿಗೆ ನೋವಿದ್ದಾಗ ಇನ್‌ಸೋಲ್ ಆರಾಮ ಕೊಡುತ್ತದೆ, ಒಪ್ಪುತ್ತೇನೆ. ನೋವೇ ಇಲ್ಲದ ಮಗುವಿಗೆ ಮುಂದೆ ನೋವು ಬರದಿರಲಿ ಅಂತ ಹಾಕುವುದಕ್ಕೆ ಆಧಾರ ಇಲ್ಲ.

ಹುಟ್ಟಿದ ಮಕ್ಕಳ ಪಾದ ಹೆಚ್ಚುಕಮ್ಮಿ ಎಲ್ಲವೂ ಚಪ್ಪಟೆಯೇ. ಅಂಗಾಲಿನ ಒಳಭಾಗದಲ್ಲಿ ಕೊಬ್ಬು ತುಂಬಿರುತ್ತದೆ, ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್‌ಗಳು ಸಡಿಲ. ನಿಂತ ತಕ್ಷಣ ಕಮಾನು ಕುಸಿಯುತ್ತದೆ. ಮಗು ಬೆಳೆದ ಹಾಗೆ ಅದು ನಿಧಾನಕ್ಕೆ ಏಳುತ್ತದೆ, ಹತ್ತು ವರ್ಷದ ತನಕ ಟೈಮ್ ಇದೆ. ಕೆಲವರಿಗೆ ಏಳುವುದೇ ಇಲ್ಲ, ಅವರೂ ಆರಾಮಾಗಿ ಓಡಾಡಿಕೊಂಡಿರುತ್ತಾರೆ.

ದಾವಣಗೆರೆ ಅಣ್ಣ, ಮನೆಯಲ್ಲೇ ಎರಡು ಪರೀಕ್ಷೆ ಮಾಡಿ. ಮಗಳನ್ನು ಗೋಡೆ ಹಿಡಿಸಿ ತುದಿಗಾಲಲ್ಲಿ ನಿಲ್ಲಿಸಿ, ನೀವು ಹಿಂದೆ ಕೂತು ನೋಡಿ. ಕಮಾನು ಮೂಡಿತಾ? ಹೊರಗೆ ವಾಲಿದ್ದ ಹಿಮ್ಮಡಿ ಒಳಗೆ ತಿರುಗಿತಾ? ಆಮೇಲೆ ಸುಮ್ನೆ ನಿಂತಿರುವಾಗ ಅವಳ ಹೆಬ್ಬೆರಳನ್ನು ಮಾತ್ರ ನಿಮ್ಮ ಕೈಯಿಂದ ಮೇಲೆತ್ತಿ. ಹಿಮ್ಮಡಿಯಿಂದ ಬೆರಳಿನ ಬುಡದ ತನಕ ಅಂಗಾಲಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಬೆರಳು ಎತ್ತಿದಾಗ ಅದು ಬಿಗಿಯಾಗಿ ಕಮಾನನ್ನು ಎಬ್ಬಿಸುತ್ತದೆ. ಎದ್ದರೆ ಅದು ಫ್ಲೆಕ್ಸಿಬಲ್ ಫ್ಲಾಟ್ ಫೂಟ್, ಅಂದರೆ ಮೆತ್ತಗೆ ಬಾಗುವ ಚಪ್ಪಟೆ ಪಾದ. ಅಂಗಡಿಯ ಗಾಜಿನ ಪೆಟ್ಟಿಗೆ ಇದನ್ನು ಹೇಳುವುದಿಲ್ಲ. ಅದು ನಿಂತ ಪಾದದ ಒತ್ತಡ ಮಾತ್ರ ತೋರಿಸುತ್ತದೆ.

ನೋವು, ಕುಂಟು, ಒಂದೇ ಕಾಲಲ್ಲಿ ಸಮಸ್ಯೆ, ತುದಿಗಾಲಲ್ಲೂ ಏಳದ ಬಿಗಿ ಪಾದ, ಇವಿದ್ದರೆ ಮೂಳೆ ಡಾಕ್ಟರ್‌ಗೆ ತೋರಿಸಿ.

ದಾವಣಗೆರೆ_ಅಪ್ಪ

ಮಾಡಿದೆ ಅಕ್ಕ. ತುದಿಗಾಲಲ್ಲಿ ಚೆನ್ನಾಗಿ ಕಮಾನು ಬರುತ್ತದೆ. ಹೆಬ್ಬೆರಳು ಎತ್ತಿದಾಗಲೂ. ಈಗ ಮನೆಯಲ್ಲಿ ಎಲ್ಲರೂ ಗೋಡೆ ಹಿಡಿದು ನಿಂತಿದ್ದಾರೆ. ಹೆಂಡತಿಗೆ ಮಾತ್ರ ಇನ್ನೂ ಪೂರ್ತಿ ಸಮಾಧಾನ ಇಲ್ಲ.

ಬರಿಗಾಲ_ಬಸ್ಯಾ

ಇನ್‌ಸೋಲ್ ಅಲ್ಲ ಮಾರಾಯ್ರೇ, ಶೂನೇ ಬಿಸಾಕಿ. ಕಾಲು ಕೆಡಿಸುವುದೇ ಶೂ. ಇದನ್ನು ಕಂಡುಹಿಡಿದಿದ್ದು ನಮ್ಮ ಮಣಿಪಾಲದವರೇ, ಹುಡುಕಿ ಓದಿ. ಬರಿಗಾಲಲ್ಲಿ ಬೆಳೆದ ಮಕ್ಕಳಿಗೆ ಚಪ್ಪಟೆ ಪಾದ ಬರುವುದೇ ಇಲ್ಲ. ನಾನು ಎರಡು ವರ್ಷದಿಂದ ಬರಿಗಾಲಲ್ಲೇ ಓಡುತ್ತಿದ್ದೇನೆ, ಮಂಡಿ ನೋವು ಮಾಯ.

ಕಾಫಿ_ಕುಡುಕ

ಬಸ್ಯಾ, ನಮ್ಮ ಏರಿಯಾದ ಫುಟ್‌ಪಾತಲ್ಲಿ ಓಡಿ ತೋರಿಸು. ಆಮೇಲೆ ಟಿಟಿ ಇಂಜೆಕ್ಷನ್ ದುಡ್ಡು ನಾನು ಕೊಡ್ತೀನಿ.

ಮೂಳೆ_ಪೀಜಿ

ನೈಟ್ ಡ್ಯೂಟಿ ಮುಗಿಸಿ ಬಂದು ನೋಡಿದರೆ ಇಷ್ಟೆಲ್ಲ ಆಗಿದೆ. ಆರ್ಥೋ ಪೀಜಿ ಓದುತ್ತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬಸ್ಯಾ ಹೇಳಿದ ಅಧ್ಯಯನ ನಿಜ. 1992ರಲ್ಲಿ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಪ್ರಕಟಿಸಿದ್ದು. 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6 ಚಪ್ಪಟೆ ಪಾದ, ಬರಿಗಾಲಿನ ಮಕ್ಕಳಲ್ಲಿ ಶೇ 2.8. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಜಾಸ್ತಿ, ಸ್ಯಾಂಡಲ್, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಪ್ರಪಂಚದ ಎಲ್ಲ ಕಡೆ ಇದನ್ನು ಈಗಲೂ ಉದಾಹರಿಸುತ್ತಾರೆ.

ಆದರೆ "ಬರುವುದೇ ಇಲ್ಲ" ಅಂತ ಅದರಲ್ಲಿ ಎಲ್ಲೂ ಇಲ್ಲ. ಶೇ 2.8 ಅಂದರೆ ಸೊನ್ನೆ ಅಲ್ಲ. ಬರಿಗಾಲಲ್ಲಿ ಅಥವಾ ಚಪ್ಪಲಿಯಲ್ಲಿ ಆಡುವ ಮಗುವಿನ ಪಾದದ ಸಣ್ಣ ಸ್ನಾಯುಗಳು ಹೆಚ್ಚು ಕೆಲಸ ಮಾಡುತ್ತವೆ, ಕಾರಣ ಅದಿರಬಹುದು ಅನ್ನುವುದು ಅವರ ವಾದ. ಮನೆಯೊಳಗೆ, ಅಂಗಳದಲ್ಲಿ ಬರಿಗಾಲು ಖಂಡಿತ ಒಳ್ಳೆಯದು. ಗದ್ದೆ, ತಿಪ್ಪೆ, ಬಯಲಿನ ಕಡೆ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳ ಚರ್ಮ ಕೊರೆದು ಒಳಗೆ ಹೋಗುತ್ತದೆ. ಅದನ್ನೂ ನೆನಪಿಡಿ.

ಇನ್‌ಸೋಲ್ ಬಗ್ಗೆ. 1989ರಲ್ಲಿ ಅಮೆರಿಕದಲ್ಲಿ ಒಂದು ಒಳ್ಳೆಯ ಪ್ರಯೋಗ ಪ್ರಕಟವಾಯಿತು. ಫ್ಲೆಕ್ಸಿಬಲ್ ಫ್ಲಾಟ್ ಫೂಟ್ ಇರುವ ಚಿಕ್ಕ ಮಕ್ಕಳನ್ನು ಗುಂಪು ಮಾಡಿ ಕೆಲವರಿಗೆ ವಿಶೇಷ ಶೂ, ಕೆಲವರಿಗೆ ಇನ್‌ಸೋಲ್, ಕೆಲವರಿಗೆ ಏನೂ ಕೊಡಲಿಲ್ಲ. ಮೂರು ವರ್ಷದ ನಂತರ ಎಕ್ಸ್‌ರೇ ತೆಗೆದರೆ ಎಲ್ಲ ಗುಂಪಿನ ಪಾದವೂ ಸುಧಾರಿಸಿತ್ತು. ಏನೂ ಕೊಡದವರದ್ದೂ. ಅಂಗಡಿಯವರು ಹೀಗೇ "ನಮ್ಮ ಇನ್‌ಸೋಲಿನಿಂದ ಸರಿಯಾಯಿತು" ಅಂತ ಹೆಸರು ಮಾಡುತ್ತಾರೆ. ಹಾಕದಿದ್ದರೂ ಸರಿಯಾಗುತ್ತಿತ್ತು.

ದಾವಣಗೆರೆ_ಅಪ್ಪ

ಥ್ಯಾಂಕ್ಸ್ ಡಾಕ್ಟ್ರೇ. ಒಂದು ಅನುಮಾನ. ಹೆಂಡತಿ ಒತ್ತಾಯಕ್ಕೆ ಎಕ್ಸ್‌ರೇ ತೆಗೆಸಿದ್ದೆವು. ಮಲಗಿಸಿ ತೆಗೆದರು. ರಿಪೋರ್ಟಲ್ಲಿ ನಾರ್ಮಲ್ ಅಂತ ಇದೆ. ಹಾಗಾದರೆ ಫ್ಲಾಟ್ ಫೂಟೇ ಇಲ್ವಾ?

ಮೂಳೆ_ಪೀಜಿ

ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಮುರಿದಿದೆಯಾ ಅಂತ ಗೊತ್ತಾಗುತ್ತದೆ. ಮೂಳೆಗಳ ಸಾಲು ಸರಿಯಿದೆಯಾ ಅಂತ ಗೊತ್ತಾಗಬೇಕಾದರೆ ಮೈಭಾರ ಹಾಕಿ ನಿಂತೇ ತೆಗೆಸಬೇಕು.

ಪಾದದ ಮೇಲ್ಗಡೆ, ಹರಡಿನ ಕೀಲಲ್ಲಿ ಕೂತಿರುವ ಮೂಳೆ ಟೇಲಸ್. ಮೈಯ ಭಾರವೆಲ್ಲ ಅದರ ಮೂಲಕವೇ ಕೆಳಗಿಳಿಯಬೇಕು. ವಿಚಿತ್ರ ಅಂದರೆ ಅದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಕೆಳಗೆ ಹಿಮ್ಮಡಿ ಮೂಳೆ, ಮುಂದೆ ದೋಣಿ ಆಕಾರದ ನ್ಯಾವಿಕ್ಯುಲರ್, ಸುತ್ತ ಲಿಗಮೆಂಟ್‌ಗಳು, ಇವು ಹಿಡಿದಂತೆ ಅದು ನಿಲ್ಲುತ್ತದೆ. ಚಪ್ಪಟೆ ಪಾದದಲ್ಲಿ ಟೇಲಸ್‌ನ ತಲೆ ಕೆಳಕ್ಕೆ, ಒಳಕ್ಕೆ ಜಾರುತ್ತದೆ. ಹಿಮ್ಮಡಿ ಹೊರಗೆ ವಾಲುತ್ತದೆ. ಮುಂಗಾಲು ಹೊರಕ್ಕೆ ತಿರುಗುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಟೇಲಸ್ ಮತ್ತು ಹೆಬ್ಬೆರಳಿನ ಉದ್ದ ಮೂಳೆ, ಎರಡರ ನಡು ಗೆರೆ ಒಂದೇ ನೇರದಲ್ಲಿ ಇರಬೇಕು. ಚಪ್ಪಟೆ ಪಾದದಲ್ಲಿ ಆ ಗೆರೆ ಕೆಳಕ್ಕೆ ಮುರಿದ ಹಾಗೆ ಕಾಣುತ್ತದೆ.

ನಿಮ್ಮ ಮಗಳಿಗೆ ಮತ್ತೆ ತೆಗೆಸುವ ಅಗತ್ಯ ಇಲ್ಲ. ನೋವಿಲ್ಲ, ಕಮಾನು ಏಳುತ್ತದೆ, ಸಾಕು.

ಕುಂದಾಪ್ರದ_ಭಟ್ರು

ಪಾದದಲ್ಲಿ ಒಟ್ಟು ಎಷ್ಟು ಮೂಳೆ ಅಂತ ಯಾರೂ ಹೇಳಲೇ ಇಲ್ಲ. 28.

ಮೂಳೆ_ಪೀಜಿ

26 ಭಟ್ರೇ. 7 ಟಾರ್ಸಲ್ (ಹಿಮ್ಮಡಿ, ನಡುಪಾದದ ಮೂಳೆ), 5 ಮೆಟಟಾರ್ಸಲ್ (ಮುಂಗಾಲಿನ ಉದ್ದ ಮೂಳೆ), ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು. ಎರಡು ಪಾದ ಸೇರಿ 52, ಮೈಯ 206ರಲ್ಲಿ ಕಾಲು ಭಾಗ.

ಕಾಫಿ_ಕುಡುಕ

ಕಾಲಿಗೇ ಕಾಲು ಭಾಗ. ನ್ಯಾಯವಾಗಿಯೇ ಇದೆ.

ಕುಂದಾಪ್ರದ_ಭಟ್ರು

ಹೆಬ್ಬೆರಳಿನ ಬುಡದ ಕೆಳಗೆ ಎರಡು ಕಾಳು ಮೂಳೆ ಇಲ್ವಾ? ಸೆಸಮಾಯ್ಡ್. ಅವು ಎಲ್ಲರಿಗೂ ಇರುತ್ತವೆ. ಇರುವುದನ್ನು ಲೆಕ್ಕಕ್ಕೆ ತಗೊಳ್ಳಲಿಕ್ಕೆ ಏನು ಕಷ್ಟ?

ಮೂಳೆ_ಪೀಜಿ

ಇವೆ, ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಒಳಗೆ. ಪುಸ್ತಕದ ಲೆಕ್ಕದಲ್ಲಿ ಸೇರಿಸುವುದಿಲ್ಲ. ಹಾಗೆ ಎಣಿಸುತ್ತಾ ಹೋದರೆ ನೂರಕ್ಕೆ ಹತ್ತು ಜನರ ಆಸುಪಾಸಿನಲ್ಲಿ ನ್ಯಾವಿಕ್ಯುಲರ್ ಪಕ್ಕ ಇನ್ನೊಂದು ಹೆಚ್ಚುವರಿ ಮೂಳೆ ಇರುತ್ತದೆ. ಕೆಲವರಿಗೆ ಅದು ಪಾದದ ಒಳಬದಿಯಲ್ಲಿ ಗಂಟಿನ ಹಾಗೆ ಉಬ್ಬಿ, ಶೂ ತಾಗಿ ನೋಯುತ್ತದೆ. ಅವರದ್ದು ಎಷ್ಟು ಅಂತ ಲೆಕ್ಕ ಹಾಕೋಣ? ಇನ್ನು ಚಿಕ್ಕ ಮಕ್ಕಳ ಎಕ್ಸ್‌ರೇಯಲ್ಲಿ 26 ಕೂಡ ಕಾಣುವುದಿಲ್ಲ. ನ್ಯಾವಿಕ್ಯುಲರ್ ಮೃದ್ವಸ್ಥಿಯಾಗಿಯೇ ಇದ್ದು, ಸುಮಾರು ಮೂರು ವರ್ಷದ ಹೊತ್ತಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಪಾಪ, ಎಷ್ಟೋ ಅಪ್ಪ ಅಮ್ಮ "ಮೂಳೆನೇ ಇಲ್ವಲ್ಲ ಡಾಕ್ಟ್ರೇ" ಅಂತ ಗಾಬರಿ ಬೀಳುತ್ತಾರೆ.

ಪಿಸಿ_ಆಕಾಂಕ್ಷಿ

ಸರ್ ಅರ್ಜೆಂಟ್. ಪೊಲೀಸ್ ಕಾನ್‌ಸ್ಟೇಬಲ್‌ಗೆ ತಯಾರಿ ಮಾಡ್ತಿದೀನಿ, ಅಗ್ನಿವೀರ್‌ಗೂ ಅರ್ಜಿ ಹಾಕ್ತೀನಿ. ಒದ್ದೆ ಕಾಲಲ್ಲಿ ನೆಲದ ಮೇಲೆ ನಿಂತರೆ ಪೂರ್ತಿ ಪಾದ ಅಚ್ಚು ಬೀಳುತ್ತೆ. ಮೆಡಿಕಲ್‌ನಲ್ಲಿ ಹೊಡೀತಾರಾ? ಯೂಟ್ಯೂಬಲ್ಲಿ ಒಬ್ಬರು ಬಾಟ್ಲಿ ಮೇಲೆ ಕಾಲು ಉರುಳಿಸಿದರೆ ಒಂದೇ ತಿಂಗಳಲ್ಲಿ ಕಮಾನು ಬರುತ್ತೆ ಅಂತಾರೆ.

ನಿವೃತ್ತ_ಹವಾಲ್ದಾರ್

ತಮ್ಮಾ, ಹೆದರಬೇಡ. ಸೇನೆಯಲ್ಲಿ ಪಾದ ಚಪ್ಪಟೆ ಕಂಡ ಕೂಡಲೇ ಮನೆಗೆ ಕಳಿಸುವುದಿಲ್ಲ. ತುದಿಗಾಲಲ್ಲಿ ನಿಂತಾಗ ಕಮಾನು ಬರಬೇಕು. ತುದಿಗಾಲಲ್ಲೇ ಕುಪ್ಪಳಿಸಿ ಓಡಲು ಆಗಬೇಕು. ಪಾದ ಮೆತ್ತಗೆ ಬಾಗಬೇಕು, ನೋವಿರಬಾರದು. ಇಷ್ಟಿದ್ದರೆ ಪಾಸ್. ಬಿಗಿಯಾದ ಚಪ್ಪಟೆ ಪಾದ ಇದ್ದರೆ ಮಾತ್ರ ತೆಗೆಯುತ್ತಾರೆ. ಪೊಲೀಸ್ ಮೆಡಿಕಲ್‌ಗೆ ನಿಮ್ಮ ನೋಟಿಫಿಕೇಶನ್‌ನಲ್ಲಿ ಏನು ಬರೆದಿದೆ ಅಂತ ಸರಿಯಾಗಿ ಓದಿಕೋ.

ಮತ್ತೆ ಒಂದು ಮಾತು. ಭರ್ತಿ ಹತ್ತಿರ ಬಂತು ಅಂತ ಒಂದೇ ಸಲ ಓಟ ಜಾಸ್ತಿ ಮಾಡಬೇಡ. ನಮ್ಮ ಬ್ಯಾಚಲ್ಲೇ ಹುಡುಗರು ಮುಂಗಾಲು ಹಿಡಿದುಕೊಂಡು ಕೂರುತ್ತಿದ್ದರು.

ಮೂಳೆ_ಪೀಜಿ

ಹವಾಲ್ದಾರ್ ಸರ್ ಹೇಳಿದ್ದು ಮಾರ್ಚ್ ಫ್ರ್ಯಾಕ್ಚರ್. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ಸೈನಿಕರ ಊದಿದ ಪಾದಗಳಲ್ಲಿ ಮೊದಲು ಗುರುತಿಸಿದ್ದು. ಆಗ ಎಕ್ಸ್‌ರೇ ಇರಲಿಲ್ಲ, ಒಳಗೆ ಮೂಳೆ ಬಿರುಕು ಬಿಟ್ಟಿದೆ ಅಂತ ಗೊತ್ತಾಗಿದ್ದು ಆಮೇಲೆ. ಹೆಚ್ಚಾಗಿ ಬಿರುಕು ಬಿಡುವುದು ಎರಡನೇ ಮೆಟಟಾರ್ಸಲ್. ಅದರ ಬುಡ ನಡುಪಾದದ ಕ್ಯೂನಿಫಾರ್ಮ್ ಮೂಳೆಗಳ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ, ಅಲುಗಾಡಲು ಜಾಗ ಇಲ್ಲ, ಪೆಟ್ಟೆಲ್ಲ ಅದೇ ತಿನ್ನುತ್ತದೆ. ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಬಾಟ್ಲಿ ಉರುಳಿಸಿದರೆ ಅಂಗಾಲಿಗೆ ಹಾಯ್ ಅನಿಸುತ್ತದೆ. ಮೂಳೆಯ ಸಾಲು ಬದಲಾಗುವುದಿಲ್ಲ.

ಹೆಜ್ಜೆ_ಗೆಜ್ಜೆ

ಭರತನಾಟ್ಯ ಕಲಿಸುತ್ತೇನೆ. ಅರಂಗೇಟ್ರಂ ಹತ್ತಿರ ಬಂದಾಗ ನಮ್ಮ ಹುಡುಗಿಯರಿಗೂ ಇದೇ ಆಗುತ್ತದೆ. ಗ್ರಾನೈಟ್ ನೆಲದ ಮೇಲೆ ತಟ್ಟಡವು ಗಂಟೆಗಟ್ಟಲೆ. ಮುಂಗಾಲು ಊದಿದರೂ "ನೋವೇನಿಲ್ಲ ಮಿಸ್" ಅಂತಾರೆ. ಬರಿಗಾಲು ಒಳ್ಳೆಯದು ಅನ್ನುವವರು ನೆಲ ಯಾವುದು ಅಂತಲೂ ನೋಡಬೇಕು. ಮರದ ನೆಲ ಇದ್ದರೆ ಎಷ್ಟೋ ಮೇಲು. ನಾನು ಈಗ ನೋವು ಅಂದ ದಿನವೇ ಕೂರಿಸಿಬಿಡುತ್ತೇನೆ, ಪೇರೆಂಟ್ಸ್ ಬೈದರೂ ಸರಿ.

ಬರಿಗಾಲ_ಬಸ್ಯಾ

ಅದು ಗ್ರಾನೈಟಿನ ತಪ್ಪು, ಬರಿಗಾಲಿನದ್ದಲ್ಲ.

ಮೈಸೂರು_ಮಲ್ಲಿಗೆ_ಮಾಮಿ

ಒದ್ದೆ ಕಾಲಿನ ಅಚ್ಚು ಅಂದ ತಕ್ಷಣ ನೆನಪಾಯಿತು. ನಮ್ಮ ಕಾಲದಲ್ಲಿ ಹುಡುಗಿ ನೋಡಲು ಬಂದವರು ಕಾಲು ತೊಳೆದು ಬರುವಾಗ ನೆಲದ ಮೇಲಿನ ಅಚ್ಚು ನೋಡುತ್ತಿದ್ದರು. ಪೂರ್ತಿ ಪಾದ ಮೂಡಿದರೆ ಮನೆಗೆ ಆಗಿಬರಲ್ಲ ಅಂತ. ನನ್ನ ತಂಗಿಗೆ ಒಂದು ಸಂಬಂಧ ಹೀಗೇ ತಪ್ಪಿತು. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇದ್ದರೆ ಗಂಡನನ್ನು ಆಳುತ್ತಾಳೆ ಅಂತ ಇನ್ನೊಂದು. ನನಗೆ ಉದ್ದ ಇದೆ.

ಕಾಫಿ_ಕುಡುಕ

ಮಾಮಿ, ಫಲಿತಾಂಶ ತಿಳಿಸಿ.

ಮೈಸೂರು_ಮಲ್ಲಿಗೆ_ಮಾಮಿ

ನಿಮ್ಮ ಮಾಮ ಈಗ ತರಕಾರಿ ಹೆಚ್ಚುತ್ತಿದ್ದಾರೆ.

ಮೂಳೆ_ಪೀಜಿ

ಎಷ್ಟೋ ಸಲ ಎರಡನೇ ಬೆರಳು ಉದ್ದ ಇರುವುದೇ ಇಲ್ಲ. ಹೆಬ್ಬೆರಳಿನ ಮೆಟಟಾರ್ಸಲ್ ಗಿಡ್ಡ ಇರುತ್ತದೆ, ಅದಕ್ಕೆ ಹಾಗೆ ಕಾಣುತ್ತದೆ. ತಲೆಮಾರಿನಿಂದ ಬರುವ ರಚನೆ, ಅಷ್ಟೇ. ಕೆಲವರಿಗೆ ಎರಡನೇ ಬೆರಳಿನ ಬುಡದಲ್ಲಿ ಆಣಿ ಕಟ್ಟುತ್ತದೆ, ಭಾರ ಅಲ್ಲಿ ಜಾಸ್ತಿ ಬೀಳುವುದರಿಂದ.

ಗದಗಿನ_ಗಿರಿಜಾ

ನನ್ನದೊಂದು ಕೇಳ್ತೀನಿ ರೀ. ಹೆಬ್ಬೆರಳಿನ ಬುಡದಲ್ಲಿ ಒಳಬದಿಗೆ ಗಂಟು ಬಂದಿದೆ. ಹೆಬ್ಬೆರಳು ಎರಡನೇ ಬೆರಳಿನ ಕಡೆ ಹೊರಳಿದೆ. ನಮ್ಮ ಅವ್ವಗೂ ಇತ್ತು. ಆನ್‌ಲೈನಲ್ಲಿ ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ಸಿಗುತ್ತದೆ, 599 ರೂಪಾಯಿ, ಮೂರು ವಾರದಲ್ಲಿ ನೆಟ್ಟಗೆ ಅಂತ. ತಗೊಳ್ಳಲಾ?

ಫಿಸಿಯೋ_ಅಕ್ಕ

ಬುನಿಯನ್ ಅದು ಗಿರಿಜಾ ಅವರೇ. ಪಟ್ಟಿ ಕಟ್ಟಿರುವಷ್ಟು ಹೊತ್ತು ಬೆರಳು ನೆಟ್ಟಗಿರುತ್ತದೆ, ಬಿಚ್ಚಿದರೆ ಮೊದಲಿನ ಹಾಗೆ. ನೋವು ಸ್ವಲ್ಪ ಕಡಿಮೆ ಆಗಬಹುದು. ಮೂಳೆ ಸರಿಯಾಗಲ್ಲ. ಮುಂಗಾಲು ಅಗಲ ಇರುವ ಚಪ್ಪಲಿ ಹಾಕಿ, ಅದಕ್ಕೆ ದುಡ್ಡು ಹಾಕಿ.

ಮೂಳೆ_ಪೀಜಿ

ಎಲ್ಲರೂ ಅಲ್ಲಿ ಹೊಸ ಮೂಳೆ ಬೆಳೆದಿದೆ, ಕೆತ್ತಿ ತೆಗೆದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲ ಮೆಟಟಾರ್ಸಲ್ ಇನ್ನೊಂದು ಪಾದದ ಕಡೆಗೆ ಸರಿಯುತ್ತದೆ, ಬೆರಳು ಉಲ್ಟಾ ದಿಕ್ಕಿಗೆ ಹೊರಳುತ್ತದೆ. ಕೆಳಗಿನ ಆ ಎರಡು ಕಾಳು ಮೂಳೆಗಳು, ಭಟ್ರ ಕಾಳುಗಳು, ತಮ್ಮ ಜಾಗದಲ್ಲೇ ಉಳಿದು, ಮೆಟಟಾರ್ಸಲ್ ಅವುಗಳ ಮೇಲಿಂದ ಜಾರುತ್ತದೆ. ಗಂಟಿನ ಹಾಗೆ ಕಾಣುವುದು ಬಹುಪಾಲು ಆ ಮೆಟಟಾರ್ಸಲ್‌ನ ತಲೆಯೇ. ಬೆರಳು ಹೊರಳಿದ ಕೋನ 15 ಡಿಗ್ರಿ ಒಳಗಿದ್ದರೆ ಸಹಜ ಅಂತ ಲೆಕ್ಕ. ಆಪರೇಷನ್ ಅಂದರೆ ಮೂಳೆ ಕತ್ತರಿಸಿ ಸಾಲಿಗೆ ತಂದು ಸ್ಕ್ರೂ ಹಾಕುವುದು. ನೋವು ಇದ್ದರೆ ಮಾತ್ರ. ಚಂದಕ್ಕೆ ಅಂತ ಮಾಡಿಸಬೇಡಿ.

ಅಮ್ಮನಿಂದ ಬಂದಿರುವುದು ಹೌದು, ಚಪ್ಪಲಿಯೂ ಸೇರುತ್ತದೆ. 1958ರಲ್ಲಿ ಹಾಂಗ್‌ಕಾಂಗಿನಲ್ಲಿ ಶೂ ಹಾಕುವ ಮತ್ತು ಹಾಕದ ಚೀನೀ ಜನರ ಪಾದ ಹೋಲಿಸಿದ್ದರು. ಶೂ ಹಾಕುವವರಲ್ಲಿ ಶೇ 33 ಜನರಿಗೆ ಹೆಬ್ಬೆರಳು ಸ್ವಲ್ಪವಾದರೂ ಹೊರಳಿತ್ತು. ಹಾಕದವರಲ್ಲಿ ಶೇ 1.9.

ಬರಿಗಾಲ_ಬಸ್ಯಾ

ನೋಡಿ ಮತ್ತೆ! ನಾನು ಹೇಳಿದ್ದೇ ಅದು!

ಚಿಂಟು_ಅಮ್ಮ

ನೀವೆಲ್ಲ ಕಮಾನು ಅಂತ ಜಗಳ ಆಡುತ್ತಿದ್ದೀರಿ. ನನ್ನ ಮಗ ಹುಟ್ಟುವಾಗಲೇ ಎರಡೂ ಪಾದ ಒಳಗೆ ಮಡಚಿ, ಅಂಗಾಲು ಮೇಲೆ ನೋಡುತ್ತಿತ್ತು. ಕ್ಲಬ್‌ಫೂಟ್. ಹೆರಿಗೆ ವಾರ್ಡಲ್ಲೇ ಅತ್ತೆ "ಗ್ರಹಣದ ದಿನ ಹೊರಗೆ ಬಂದೆ, ಅದಕ್ಕೇ" ಅಂದರು. ಆ ಮಾತು ಇವತ್ತಿಗೂ ಮರೆತಿಲ್ಲ.

ವಾರ ವಾರ ಪ್ಲಾಸ್ಟರ್ ಹಾಕಿಸಿದೆವು. ಡಾಕ್ಟರ್ ಪಾದವನ್ನು ಬೆರಳಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತಿದ್ದರು. ಪ್ರತಿ ವಾರ ಬಿಚ್ಚಿದಾಗ ಪಾದ ಬೇರೆಯೇ ಆಗಿರುತ್ತಿತ್ತು. ಕೊನೆಗೆ ಹಿಮ್ಮಡಿ ಹಿಂದಿನ ಟೆಂಡನ್ ಚಿಕ್ಕದಾಗಿ ಕತ್ತರಿಸಿ ಇನ್ನೊಂದು ಪ್ಲಾಸ್ಟರ್. ಆಮೇಲೆ ಶುರುವಾಗಿದ್ದು ನಿಜವಾದ ಕಷ್ಟ, ಕಂಬಿ ಶೂ. ಎರಡು ಶೂ ನಡುವೆ ಒಂದು ಕಂಬಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಲಗುವಾಗ. ನಾಲ್ಕು ವರ್ಷದ ತನಕ. ಮಗು ಅಳುತ್ತದೆ, ಬಂದವರೆಲ್ಲ "ಪಾದ ನೆಟ್ಟಗಾಯಿತಲ್ಲ, ಪಾಪ ಬಿಚ್ಚು" ಅಂತಾರೆ. ಅದೇ ಆಸ್ಪತ್ರೆಯ ಸಾಲಲ್ಲಿ ಕಂಬಿ ಬಿಟ್ಟು ಪಾದ ಮತ್ತೆ ತಿರುಗಿದ ಮಕ್ಕಳನ್ನು ನೋಡಿದ್ದೆ, ಅದಕ್ಕೆ ಯಾರ ಮಾತೂ ಕೇಳಲಿಲ್ಲ. ಈಗ ಚಿಂಟು ಕಬಡ್ಡಿ ಆಡುತ್ತಾನೆ.

ದಾವಣಗೆರೆ_ಅಪ್ಪ

ನಿಮಗೆ ದೊಡ್ಡ ನಮಸ್ಕಾರ ಮೇಡಂ.

ಮೂಳೆ_ಪೀಜಿ

ಚಿಂಟು ಅಮ್ಮ, ನಿಮ್ಮ ಪೋಸ್ಟನ್ನು ನಮ್ಮ ಒಪಿಡಿ ಗೋಡೆಗೆ ಅಂಟಿಸಬೇಕು. ಮೊದಲನೆಯದಾಗಿ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಾವಿರ ಮಕ್ಕಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ಗಂಡು ಮಕ್ಕಳಲ್ಲಿ ಹೆಣ್ಣು ಮಕ್ಕಳ ಎರಡರಷ್ಟು. ಗ್ರಹಣಕ್ಕೆ ಹೊರಗೇ ಬಾರದ ತಾಯಂದಿರ ಮಕ್ಕಳಿಗೂ ಬರುತ್ತದೆ.

ನಿಮ್ಮ ಮಗನಿಗೆ ಮಾಡಿದ್ದು ಪೊನ್ಸೆಟಿ ವಿಧಾನ. ಇಗ್ನೇಸಿಯೋ ಪೊನ್ಸೆಟಿ 1914ರಲ್ಲಿ ಸ್ಪೇನಿನ ಮಿನೋರ್ಕ ದ್ವೀಪದಲ್ಲಿ ಹುಟ್ಟಿದವರು, ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದರು. ಬಾಗಿದ್ದನ್ನು ಒಮ್ಮೆಲೇ ಎಳೆಯಬಾರದು ಅನ್ನುವುದು ಅವರ ಲೆಕ್ಕ. ಟೇಲಸ್ ತಲೆಯ ಮೇಲೆ ಕೈಯ ಹೆಬ್ಬೆರಳು ಒತ್ತಿ ಹಿಡಿದು, ಉಳಿದ ಪಾದವನ್ನು ಅದರ ಸುತ್ತ ಹೊರಕ್ಕೆ ತಿರುಗಿಸುವುದು. ಮೊದಲು ಮುಂಗಾಲಿನ ಅತಿ ಕಮಾನು, ಆಮೇಲೆ ಒಳತಿರುವು, ಹಿಮ್ಮಡಿಯ ವಾಲು, ಕೊನೆಗೆ ಮಾತ್ರ ಕೆಳಗೆ ಚಾಚಿದ ಪಾದವನ್ನು ಮೇಲೆತ್ತುವುದು. ಮೊದಲೇ ಮೇಲೆತ್ತಲು ಹೋದರೆ ನಡುಪಾದ ಮುರಿದು ಅಂಗಾಲು ಉಬ್ಬುತ್ತದೆ. ಸುಮಾರು ಐದರಿಂದ ಏಳು ಪ್ಲಾಸ್ಟರ್ ಸಾಕು. ದಶಕಗಟ್ಟಲೆ ಹೆಚ್ಚಿನ ಸರ್ಜನ್‌ಗಳು ಅವರ ಮಾತು ಕೇಳದೆ ದೊಡ್ಡ ಆಪರೇಷನ್ ಮಾಡುತ್ತಿದ್ದರು. 1990ರ ದಶಕದ ಕೊನೆಗೆ ಇಂಟರ್‌ನೆಟ್‌ನಲ್ಲಿ ತಾಯಿ ತಂದೆಯರೇ ಒಬ್ಬರಿಗೊಬ್ಬರು ಹೇಳಿ ಈ ವಿಧಾನ ಹಬ್ಬಿತು. ಪೊನ್ಸೆಟಿ ಹುಟ್ಟಿದ ದಿನ ಜೂನ್ 3 ಈಗ ವಿಶ್ವ ಕ್ಲಬ್‌ಫೂಟ್ ದಿನ.

ಇಲ್ಲಿ ಯಾರ ಮನೆಯಲ್ಲಾದರೂ ಇಂಥ ಮಗು ಇದ್ದರೆ ಕಾಯಬೇಡಿ, ಹುಟ್ಟಿದ ಮೊದಲ ವಾರಗಳಲ್ಲೇ ಶುರು ಮಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫೂಟ್ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಹೊಲದ_ಮೇಷ್ಟ್ರು

ನನ್ನದು ಹಳೇ ಕಥೆ. ಮೂರನೇ ವರ್ಷದಲ್ಲಿ ಪೋಲಿಯೋ. ಬಲಗಾಲಿನ ಕೆಲವು ಸ್ನಾಯು ಸತ್ತವು, ಕೆಲವು ಉಳಿದವು. ಉಳಿದವು ಎಳೆದ ಕಡೆಗೆ ಪಾದ ತಿರುಗುತ್ತಾ ಹೋಯಿತು. ಹುಟ್ಟುವಾಗ ಮೂಳೆ ನೆಟ್ಟಗೇ ಇತ್ತು, ಸ್ನಾಯುವಿನ ಎಳೆತವೇ ಅದನ್ನು ಸೊಟ್ಟ ಮಾಡಿದ್ದು. ಹದಿನೈದನೇ ವಯಸ್ಸಲ್ಲಿ ಹರಡಿನ ಕೆಳಗಿನ ಮೂರು ಕೀಲು ಬೆಸೆಯುವ ಆಪರೇಷನ್ ಆಯಿತು. ಕ್ಯಾಲಿಪರ್ (ಕಾಲಿಗೆ ಆಸರೆಗೆ ಕಟ್ಟುವ ಕಂಬಿ) ಬಿಟ್ಟು ನಡೆದೆ. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹೊಲದ ಬದುವಿನ ಮೇಲೆ ಹೋಗುವಾಗ ಗೊತ್ತಾಗುತ್ತದೆ, ಏಕೆಂದರೆ ಪಾದ ಅಕ್ಕಪಕ್ಕ ವಾಲುವ ಕೆಲಸ ಆ ಕೀಲುಗಳದ್ದೇ. ಈಗಿನ ಮಕ್ಕಳಿಗೆ ಆ ಕಷ್ಟ ಇಲ್ಲ. ದೇಶದಲ್ಲಿ ಸಹಜವಾಗಿ ಹರಡುವ (ವೈಲ್ಡ್) ವೈರಸ್‌ನಿಂದ ಬಂದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯದ್ದು.

ನಿರ್ವಾಹಕ

ಚರ್ಚೆ ಚೆನ್ನಾಗಿದೆ. ಒಂದು ವಿನಂತಿ: ಪಾದದ ಫೋಟೋ ಹಾಕಿ "ಇದೇನು ಹೇಳಿ" ಅಂತ ಕೇಳಬೇಡಿ. ಇನ್‌ಸೋಲ್ ಮಾರುವವರ ಎರಡು ಪೋಸ್ಟ್ ತೆಗೆದಿದ್ದೇನೆ.

ಗದಗಿನ_ಗಿರಿಜಾ

ಫೋಟೋ ಹಾಕಲ್ಲ ಸರ್, ಆದರೆ ಇದನ್ನು ಕೇಳಲೇಬೇಕು. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಯಿತು. ವಾರದಿಂದ ಎಡ ಪಾದ ಊದಿ ಕೆಂಪಾಗಿದೆ, ಮುಟ್ಟಿದರೆ ಬಿಸಿ. ನೋವು ಮಾತ್ರ ಇಲ್ಲ ಅಂತಾರೆ, ಗಾಯವೂ ಇಲ್ಲ. ಎಕ್ಸ್‌ರೇ ನಾರ್ಮಲ್ ಬಂತು. ಉಳುಕಿದೆ, ಎಣ್ಣೆ ತಿಕ್ಕಿ ನಡೆದಾಡಿದರೆ ಸರಿ ಹೋಗುತ್ತದೆ ಅಂತ ಒಬ್ಬರು ಹೇಳಿದರು. ದಿನಾ ಎರಡು ಸುತ್ತು ನಡೆಯುತ್ತಿದ್ದಾರೆ.

ಮೂಳೆ_ಪೀಜಿ

ಗಿರಿಜಾ ಅವರೇ, ಮೊದಲು ಅವರ ನಡಿಗೆ ನಿಲ್ಲಿಸಿ. ಈಗಲೇ. ತಿಕ್ಕುವುದೂ ಬೇಡ. ಇವತ್ತೋ ನಾಳೆಯೋ ಮಧುಮೇಹದ ಪಾದ ನೋಡುವ ಕಡೆ ತೋರಿಸಿ.

ಸೋಂಕು ಇರಬಹುದು, ಗೌಟ್ ಇರಬಹುದು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಆದರೆ ನೋವಿಲ್ಲದೆ ಬಿಸಿಯಾಗಿ ಊದಿದ ಸಕ್ಕರೆ ಕಾಯಿಲೆಯವರ ಪಾದ ಅಂದರೆ ನಾವು ಮೊದಲು ಹೆದರುವುದು ಶಾರ್ಕೋ ಪಾದಕ್ಕೆ. ನರ ಸತ್ತು ನೋವು ಗೊತ್ತಾಗುವುದಿಲ್ಲ. ಒಳಗೆ ಮೂಳೆ ಮೆತ್ತಗಾಗಿ, ನಡೆದ ಹಾಗೆಲ್ಲ ನಡುಪಾದ ಪುಡಿಯಾಗಿ ಕುಸಿಯುತ್ತದೆ. ಕಮಾನು ಇದ್ದ ಜಾಗ ಕೆಳಗೆ ಉಬ್ಬಿ, ಅಲ್ಲಿ ಹುಣ್ಣಾಗಿ, ಕಾಲು ತೆಗೆಯುವ ತನಕ ಹೋಗಬಹುದು. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಇರಬಹುದು, ಅದರಿಂದಲೇ ಎಲ್ಲರೂ ಮೋಸ ಹೋಗುವುದು.

ಫಿಸಿಯೋ_ಅಕ್ಕ

ಗಿರಿಜಾ ಅವರೇ, ಆಟೋದಲ್ಲಿ ಕರೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ವೀಲ್‌ಚೇರ್ ಕೇಳಿ. ನೋವಿಲ್ಲ ನಡೀತೀನಿ ಅಂತಾರೆ, ಬಿಡಬೇಡಿ.

ಕಾಫಿ_ಕುಡುಕ

ತಮಾಷೆ ಬಿಟ್ಟು ಹೇಳ್ತೀನಿ ಅಕ್ಕ, ನಾಳೆ ಬೇಡ, ಇವತ್ತೇ ಹೋಗಿ.

ನ್ಯೂಜೆರ್ಸಿ_ನಾಣಿ

ನನಗೂ ಶುಗರ್ ಇದೆ. ಇಲ್ಲಿ ವರ್ಷಕ್ಕೊಮ್ಮೆ ಒಂದು ನೈಲಾನ್ ದಾರ ಅಂಗಾಲಿಗೆ ಚುಚ್ಚಿ ಗೊತ್ತಾಗುತ್ತದಾ ಅಂತ ಕೇಳುತ್ತಾರೆ. ಯಾಕೆ ಅಂತ ಇವತ್ತು ಅರ್ಥ ಆಯಿತು.

ಮೂಳೆ_ಪೀಜಿ

ಹೌದು ಸರ್, 10 ಗ್ರಾಂ ಮಾನೋಫಿಲಮೆಂಟ್. ಅದು ಬಾಗುವಷ್ಟು ಒತ್ತಿದರೂ ಗೊತ್ತಾಗದಿದ್ದರೆ ಪಾದಕ್ಕೆ ಕಾವಲು ಇಲ್ಲ ಅಂತ ಅರ್ಥ. ನೋವಿಲ್ಲದ ಪಾದ ಎಷ್ಟು ಅಪಾಯ ಅಂತ ವೈದ್ಯರಿಗೆ ಕಲಿಸಿದ್ದು ಕುಷ್ಠರೋಗಿಗಳು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಸರ್ಜನ್ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಇದರ ಮೇಲೇ ಕೆಲಸ ಮಾಡಿದರು. ಎಂಸಿಆರ್ ಚಪ್ಪಲಿ ಅಂತ ಮೆತ್ತನೆಯ ರಬ್ಬರಿನದು ಸಿಗುತ್ತದಲ್ಲ, ಅದನ್ನು ಮೊದಲು ಕುಷ್ಠರೋಗಿಗಳಿಗೆ ಕೊಡುತ್ತಿದ್ದರು. ಈಗ ಸಕ್ಕರೆ ಕಾಯಿಲೆಯವರೂ ಹಾಕುತ್ತಾರೆ.

ಗದಗಿನ_ಗಿರಿಜಾ

ಹೋಗಿ ಬಂದೆವು. ಎಂಆರ್‌ಐ ಆಯಿತು, ಡಾಕ್ಟರ್ ನೀವು ಹೇಳಿದ ಹೆಸರನ್ನೇ ಹೇಳಿದರು. ಇನ್ನೂ ಮೂಳೆ ಕುಸಿದಿಲ್ಲವಂತೆ. ಮಂಡಿ ಕೆಳಗಿನಿಂದ ಪ್ಲಾಸ್ಟರ್ ಹಾಕಿದ್ದಾರೆ, ಕೆಲವು ತಿಂಗಳು ಬೇಕಾಗಬಹುದು ಅಂದರು. ಮಾವನವರು ಕೂಗಾಡುತ್ತಿದ್ದಾರೆ, "ನೋವೇ ಇಲ್ಲದ ಕಾಲಿಗೆ ಪ್ಲಾಸ್ಟರ್ ಯಾಕೆ" ಅಂತ. ಯಾವಾಗ ತೆಗೆಯುತ್ತಾರೆ ಅಂತ ಹೇಗೆ ಗೊತ್ತಾಗುತ್ತದೆ?

ಮೂಳೆ_ಪೀಜಿ

ಸರಿಯಾದ ಹೊತ್ತಿಗೆ ಹೋಗಿದ್ದೀರಿ. ಪ್ಲಾಸ್ಟರ್ ಬದಲಾಯಿಸುವಾಗಲೆಲ್ಲ ಎರಡೂ ಪಾದದ ಬಿಸಿ ಅಳೆಯುತ್ತಾರೆ. ವ್ಯತ್ಯಾಸ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗಿ, ಹಾಗೇ ಉಳಿದರೆ, ಊತವೂ ಇಳಿದರೆ, ಆಮೇಲೆ ವಿಶೇಷ ಶೂಗೆ ಬರುತ್ತಾರೆ. ಅಲ್ಲಿಯ ತನಕ ಬಲ ಪಾದವನ್ನೂ ದಿನಾ ರಾತ್ರಿ ನೀವೇ ಮುಟ್ಟಿ ನೋಡಿ. ಭಾರವೆಲ್ಲ ಈಗ ಅದರ ಮೇಲೆ ಬೀಳುತ್ತದೆ, ಅದೂ ಬಿಸಿಯಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.